ಆರ್ಕೇಡ್ ಜಾಯ್‌ಸ್ಟಿಕ್ ಮಾಡ್ (ಭಾಗ ಬದಲಿಸಿ ಕೈಗೆ ಹೊಂದಿಸಿಕೊಳ್ಳುವ ಕೆಲಸ) ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಿಕ್ ಕೈಗೆ ಒಗ್ಗುತ್ತಿಲ್ಲ. ಮೊದಲು ಯಾವ ಭಾಗ ಕೊಳ್ಳಲಿ?

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಒಗ್ಗುತ್ತಿಲ್ಲ ಅನ್ನುವುದರ ಒಳಗೆ ನಾಲ್ಕೈದು ಬೇರೆ ಬೇರೆ ದೂರುಗಳಿರುತ್ತವೆ, ಒಂದೊಂದಕ್ಕೂ ಕಾರಣ ಬೇರೆ. ಅರ್ಧ ಗಂಟೆ ಆಡಿ, ತಪ್ಪಿದಾಗಲೆಲ್ಲ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ನಡೆಯಬೇಕಾದ ಪಾತ್ರ ಹಾರಿಬಿಟ್ಟಿತಾ? ಮೂಲೆಗೆ ತಳ್ಳಿದರೂ ಮೂಲೆ ಸಿಗಲಿಲ್ಲವಾ? ಲಿವರ್, ಅಂದರೆ ಕೈಯಲ್ಲಿ ಹಿಡಿಯುವ ಕೋಲು, ಬಿಟ್ಟ ಕೂಡಲೇ ಪಾತ್ರ ಎದುರು ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತಾ? ಮಣಿಕಟ್ಟು ನೋಯಿತಾ? ಈ ಚೀಟಿ ಇಲ್ಲದೆ ಕೆಲಸ ಶುರು ಮಾಡಿದವರು ಕೊನೆಗೆ ಮೂರು ಸ್ಪ್ರಿಂಗ್, ಎರಡು ಗೇಟ್ ಕೊಂಡು, ಯಾವುದರಿಂದ ಏನಾಯಿತು ಅಂತಲೇ ಗೊತ್ತಾಗದೆ ಕೂರುತ್ತಾರೆ. ನಾನೂ ಹಾಗೆ ಒಂದು ಇಡೀ ವರ್ಷ ಕಳೆದಿದ್ದೇನೆ, ಅದಕ್ಕೇ ಇದನ್ನು ಮೊದಲ ಪ್ರಶ್ನೆಯಾಗಿ ಇಟ್ಟಿದ್ದೇನೆ.

ಇನ್ನೊಂದು ಮಾತು. ಸ್ಟಿಕ್‌ನ ಡಬ್ಬಿ ಬಿಚ್ಚಿ ಲಿವರ್ ಹಿಡಿದಿರುವ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ ನೋಡಿ. ವರ್ಷಗಟ್ಟಲೆ ಆಡಿದ ಸ್ಟಿಕ್‌ನಲ್ಲಿ ಇವು ಸಡಿಲವಾಗಿರುತ್ತವೆ. ಆಗ ಲಿವರ್ ಜೊತೆ ಅದರ ಬುಡವೂ ಅಲ್ಲಾಡುತ್ತದೆ, ನೀವು ಸ್ಪ್ರಿಂಗ್ ಮೆತ್ತಗಾಗಿದೆ ಅಂದುಕೊಳ್ಳುತ್ತೀರಿ.

ಲಿವರ್ ಒಳಗೆ ಏನೇನಿರುತ್ತದೆ?

ಬಹಳ ಕಡಿಮೆ. ಎಲ್ಲರಿಗೂ ಗೊತ್ತಿರುವ, ಸಾನ್ವಾ ಕಂಪನಿಯ ಜೆಎಲ್‌ಎಫ್ ಲಿವರನ್ನೇ ತೆಗೆದುಕೊಳ್ಳೋಣ. ಮೇಲೆ ಉಂಡೆ, ಅಂದರೆ ಬಾಲ್‌ಟಾಪ್. ಅದರಿಂದ ಕೆಳಗೆ ಇಳಿಯುವ ಉಕ್ಕಿನ ಶಾಫ್ಟ್. ಶಾಫ್ಟ್ ಅಲ್ಲಾಡಲು ಮಧ್ಯದಲ್ಲಿ ಪ್ಲಾಸ್ಟಿಕ್ ಪಿವೋಟ್. ನಡುವಿಗೆ ವಾಪಸ್ ತರಲು ಸ್ಪ್ರಿಂಗ್. ಶಾಫ್ಟಿನ ತುದಿಯಲ್ಲಿ ಆಕ್ಚುಯೇಟರ್ ಅನ್ನುವ ಗುಂಡನೆಯ ಪ್ಲಾಸ್ಟಿಕ್ ತುಂಡು. ಅದರ ಸುತ್ತ ನಾಲ್ಕು ಮೈಕ್ರೋಸ್ವಿಚ್, ಅಂದರೆ ಒತ್ತಿದರೆ ಟಕ್ ಅನ್ನುವ ಪುಟ್ಟ ಸ್ವಿಚ್. ಎಲ್ಲಕ್ಕಿಂತ ಕೆಳಗೆ, ಲಿವರ್ ಎಷ್ಟು ದೂರ ಹೋಗಬಹುದು ಅಂತ ತಡೆಯುವ ಗೇಟ್. ಇಡೀ ಜೋಡಣೆ ಕಳಚದಂತೆ ಶಾಫ್ಟಿನ ತುದಿಯಲ್ಲಿ ಒಂದು ಪುಟ್ಟ ಇ-ರಿಂಗ್, ಅಂದರೆ ಒಂದು ಬದಿ ತೆರೆದಿರುವ ಲೋಹದ ಬಳೆ.

ನೀವು ಲಿವರನ್ನು ಬಲಕ್ಕೆ ತಳ್ಳಿದರೆ ಪಿವೋಟ್ ಕೆಳಗಿನ ತುದಿ ಎಡಕ್ಕೆ ಹೋಗುತ್ತದೆ, ಎಡಗಡೆ ಇರುವ ಸ್ವಿಚ್ ಒತ್ತುತ್ತದೆ, ಅದೇ "ಬಲ". ಸ್ವಿಚ್ ಇರುವುದು ನಾಲ್ಕೇ. ಎಂಟು ದಿಕ್ಕು ಎಲ್ಲಿಂದ ಬರುತ್ತದೆ ಅಂದರೆ, ಅಕ್ಕಪಕ್ಕದ ಎರಡು ಸ್ವಿಚ್ ಒಟ್ಟಿಗೆ ಒತ್ತಿದಾಗ ಅದು ಮೂಲೆ ದಿಕ್ಕು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗಳಿಗೆ ಇದರಲ್ಲೇ ಉತ್ತರವಿದೆ.

ಥ್ರೋ, ಎಂಗೇಜ್, ಡೆಡ್ ಝೋನ್ ಅಂತಾರಲ್ಲ, ಏನದು?

ಲಿವರ್ ನಡುವಿನಿಂದ ಗೇಟಿಗೆ ತಾಗುವವರೆಗೆ ಸಾಗುವ ದೂರ ಥ್ರೋ. ನಡುವಿನಿಂದ ಸ್ವಿಚ್ ಟಕ್ ಅನ್ನುವವರೆಗಿನ ದೂರ ಎಂಗೇಜ್. ಆ ಟಕ್‌ಗೆ ಮುಂಚಿನ, ಏನೂ ಆಗದ ಜಾಗ ಡೆಡ್ ಝೋನ್. ಎಂಗೇಜ್ ಕಡಿಮೆ ಆದರೆ ಡೆಡ್ ಝೋನೂ ಕಡಿಮೆ ಆಗುತ್ತದೆ, ಎರಡೂ ಒಂದೇ ನಾಣ್ಯದ ಎರಡು ಮುಖ.

ನನ್ನ ಹತ್ತಿರ ಇರುವುದು ಯಾವ ಬಗೆ ಅಂತ ಹೇಗೆ ಗೊತ್ತಾಗುತ್ತದೆ?

ಹೆಚ್ಚುಕಡಿಮೆ ಮೂರು ಮನೆತನ. ಜಪಾನಿ ಬಗೆಯಲ್ಲಿ ಉಂಡೆ ತಲೆ, ಮೆತ್ತನೆ ಸ್ಪ್ರಿಂಗ್, ಕೆಳಗೆ ಗೇಟ್. ಸಾನ್ವಾ, ಸೈಮಿತ್ಸು ಇಲ್ಲಿ ಬರುತ್ತವೆ. ಸೈಮಿತ್ಸು ಎಲ್‌ಎಸ್-32 ಹಿಡಿದು ನೋಡಿದರೆ ಜೆಎಲ್‌ಎಫ್‌ಗಿಂತ ಸ್ವಲ್ಪ ಬಿಗಿ ಅನ್ನಿಸುತ್ತದೆ. ಅಮೆರಿಕನ್ ಬಗೆಯಲ್ಲಿ ತಲೆ ಉದ್ದ, ಬ್ಯಾಟ್ ಆಕಾರ. ಬುಡ ದೊಡ್ಡದು, ಬಿಡಿಬಿಡಿಯಾದ ನಾಲ್ಕು ಸ್ವಿಚ್, ಬಡಿದು ಆಡುವುದಕ್ಕೆಂದೇ ಮಾಡಿದ ಗಟ್ಟಿ ಜೋಡಣೆ. ಹ್ಯಾಪ್ ಕಂಪನಿಯ ಲಿವರ್ ಅಂದರೆ ಇದೇ. ಕೊರಿಯನ್ ಬಗೆಯಲ್ಲಿ ಸ್ಪ್ರಿಂಗ್ ಇಲ್ಲವೇ ಇಲ್ಲ. ಶಾಫ್ಟ್ ಸುತ್ತ ದಪ್ಪ ರಬ್ಬರ್ ಬಳೆ ಇರುತ್ತದೆ, ಅದೇ ಲಿವರನ್ನು ನಡುವಿಗೆ ಎಳೆಯುತ್ತದೆ. ಕ್ರೌನ್, ಫಾಂಟಾ ಹೆಸರಿನ ಲಿವರ್‌ಗಳು ಈ ಸಾಲಿನವು. ಟೆಕೆನ್ ಅನ್ನುವ ಹೊಡೆದಾಟದ ಆಟ ಆಡುವವರಲ್ಲಿ ಇದನ್ನು ಬಿಟ್ಟು ಬೇರೆ ಮುಟ್ಟದವರಿದ್ದಾರೆ.

ಡಬ್ಬಿ ಬಿಚ್ಚಿ ಕೆಳಗಿನಿಂದ ನೋಡಿ. ಗೇಟ್ ಕಂಡರೆ, ಐದು ವೈರಿನ ಒಂದೇ ಕನೆಕ್ಟರ್ ಇದ್ದರೆ ಬಹುತೇಕ ಜಪಾನಿ.

ಏನೇನು ಸಾಮಾನು ಬೇಕು?

ಒಂದು ಪ್ಲಸ್ ಸ್ಕ್ರೂಡ್ರೈವರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಇನ್ನೊಂದು ತೀರಾ ಸಣ್ಣ ಚಪ್ಪಟೆಯದು. ಒರೆಸಲು ಹಳೇ ಬಟ್ಟೆ, ಹತ್ತಿ ಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್. ಸ್ವಲ್ಪ ಗ್ರೀಸ್. ಬಿಚ್ಚುವಾಗ ಫೋನಲ್ಲಿ ಹಂತಹಂತಕ್ಕೂ ಫೋಟೋ ತೆಗೆಯಿರಿ. ಬೆಸುಗೆ ಹಾಕುವ ಕೆಲಸ ಬಹಳ ಮಾಡ್‌ಗಳಿಗೆ ಬೇಕಾಗುವುದೇ ಇಲ್ಲ.

ಬಿಚ್ಚುವುದು ಹೇಗೆ? ಇ-ರಿಂಗ್ ಕಂಡರೇ ಭಯ.

ಮೊದಲು ಯುಎಸ್‌ಬಿ ವೈರ್ ಕಿತ್ತಿಡಿ. ಉಂಡೆ ಬಿಚ್ಚಲು ಮೇಲಿನಿಂದ ತಿರುಗಿಸಿದರೆ ಶಾಫ್ಟೂ ಜೊತೆಗೆ ತಿರುಗುತ್ತದೆ. ಕೆಳಗಿನಿಂದ ನೋಡಿ, ಜೆಎಲ್‌ಎಫ್ ಶಾಫ್ಟಿನ ತುದಿಯಲ್ಲಿ ಒಂದು ಸೀಳು ಇದೆ. ಅದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದುಕೊಂಡು ಉಂಡೆಯನ್ನು ಎಡಕ್ಕೆ ತಿರುಗಿಸಿ, ಬಿಟ್ಟುಕೊಳ್ಳುತ್ತದೆ. ಆಮೇಲೆ ಕನೆಕ್ಟರ್ ಎಳೆದು, ಲಿವರನ್ನು ಫಲಕದಿಂದ ಬೇರೆ ಮಾಡಿ.

ಗೇಟ್ ಪ್ಲಾಸ್ಟಿಕ್ ಕೊಕ್ಕೆಗಳ ಮೇಲೆ ಕೂತಿರುತ್ತದೆ, ಒಂದೊಂದಾಗಿ ನಿಧಾನಕ್ಕೆ ಸಡಿಲಿಸಿ. ಜೋರಾಗಿ ಎಬ್ಬಿದರೆ ಕೊಕ್ಕೆ ಮುರಿಯುತ್ತದೆ. ಗೇಟ್ ಬಂದ ಮೇಲೆ ಸ್ವಿಚ್ ಇರುವ ಬೋರ್ಡ್ ಸುಮ್ನೆ ಎತ್ತಿದರೆ ಬರುತ್ತದೆ.

ಈಗ ಇ-ರಿಂಗ್. ಆಕ್ಚುಯೇಟರನ್ನು ಬೆರಳಿನಿಂದ ಸ್ಪ್ರಿಂಗ್ ಕಡೆಗೆ ಒತ್ತಿ ಹಿಡಿಯಿರಿ. ಆಗ ರಿಂಗ್ ಮೇಲಿನ ಒತ್ತಡ ಇಳಿಯುತ್ತದೆ. ರಿಂಗಿನ ತೆರೆದ ಬಾಯಿಯ ಕಡೆ ಸಣ್ಣ ಸ್ಕ್ರೂಡ್ರೈವರ್ ತುದಿ ಇಟ್ಟು ಹೊರಕ್ಕೆ ತಳ್ಳಿ. ಅದು ಚಿಮ್ಮಿ ಹಾರುವ ವಸ್ತು, ಹಾಗಾಗಿ ಇಡೀ ಕೆಲಸವನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮಾಡಿ, ಹಾರಿದರೂ ಚೀಲದಲ್ಲೇ ಬೀಳುತ್ತದೆ. ಕಣ್ಣಿಗೆ ಕನ್ನಡಕ ಇದ್ದರೆ ಇನ್ನೂ ಒಳ್ಳೆಯದು. ರಿಂಗ್ ಬಂದ ಮೇಲೆ ಆಕ್ಚುಯೇಟರ್, ಸ್ಪ್ರಿಂಗ್ ಕೆಳಗಿನಿಂದ, ಶಾಫ್ಟ್ ಮೇಲಿನಿಂದ ಹೊರಗೆ ಬರುತ್ತವೆ. ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ.

ಎರಡನೇ ಸಲ ಮಾಡುವಾಗ ಭಯ ಅರ್ಧ ಆಗಿರುತ್ತದೆ, ಮೂರನೇ ಸಲಕ್ಕೆ ಐದು ನಿಮಿಷದ ಕೆಲಸ.

ಚೌಕ ಗೇಟ್ ಒಳ್ಳೆಯದೋ, ಎಂಟು ಮೂಲೆಯದೋ?

ಜನ ಅತಿ ಹೆಚ್ಚು ಜಗಳವಾಡುವುದು ಇದರ ಬಗ್ಗೆಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚೌಕ ಗೇಟಿನಲ್ಲಿ ನಡುವಿನಿಂದ ಬದಿಗೆ ಇರುವ ದೂರಕ್ಕಿಂತ ಮೂಲೆಗೆ ಇರುವ ದೂರ 1.4 ಪಟ್ಟು. ಇದು ಶಾಲೆಯ ಲೆಕ್ಕ. ಲಿವರನ್ನು ಮೂಲೆಗೆ ಒತ್ತಿದರೆ ಅದು ಕುಣಿಯಲ್ಲಿ ಹೋಗಿ ಕೂರುತ್ತದೆ, ಎರಡು ಸ್ವಿಚ್ಚೂ ಪೂರ್ತಿ ಒತ್ತಿರುತ್ತವೆ, ತಪ್ಪುವ ಮಾತೇ ಇಲ್ಲ. ಬಗ್ಗಿ ಕೂತು ಹಿಂದಕ್ಕೆ ತಡೆಯುವ ಪಾತ್ರಗಳನ್ನು ಆಡುವವರಿಗೆ ಇದು ವರ. ಆದರೆ ನೇರ ದಿಕ್ಕಿಗೆ ಕುಣಿ ಇಲ್ಲ, ಬರೀ ಗೋಡೆ. ಹೊಸಬರು ಬಲಕ್ಕೆ ಒತ್ತಿ ಹಿಡಿದಾಗ ಗೋಡೆಗುಂಟ ಜಾರಿ ಮೇಲಿನ ಮೂಲೆಗೆ ಹೋಗಿಬಿಡುತ್ತಾರೆ, ಪಾತ್ರ ಹಾರುತ್ತದೆ.

ಎಂಟು ಮೂಲೆಯ ಗೇಟಿನಲ್ಲಿ ಎಂಟೂ ದಿಕ್ಕಿಗೆ ಒಂದೊಂದು ಸಣ್ಣ ಕುಣಿ, ಎಲ್ಲ ದಿಕ್ಕಿಗೂ ದೂರ ಒಂದೇ. ಜೆಎಲ್‌ಎಫ್‌ಗೆ ಹೊಂದುವ ಇಂಥ ಗೇಟಿನ ಹೆಸರು ಜಿಟಿ-ವೈ. ಕೈಗೆ ಮಾರ್ಗದರ್ಶನ ಸಿಗುತ್ತದೆ, ಅರ್ಧ ಸುತ್ತು, ಪೂರ್ತಿ ಸುತ್ತು ಸಲೀಸು. ಆದರೆ ಇಲ್ಲಿ ಒಂದು ತೊಡಕಿದೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಒಂದು ಲಿವರ್ ನೇರಕ್ಕೆ 10 ಅಳತೆ ಹೋಗುತ್ತದೆ ಅಂದುಕೊಳ್ಳಿ. ಎಂಟು ಮೂಲೆಯ ಗೇಟಿನಲ್ಲಿ ಅದು ಮೂಲೆಗೂ 10 ಅಳತೆಯೇ ಹೋಗುತ್ತದೆ, ಅಂದರೆ ಪಕ್ಕಕ್ಕೆ 7, ಮೇಲಕ್ಕೆ 7. ಸ್ವಿಚ್ 6ಕ್ಕೆ ಟಕ್ ಅನ್ನುವುದಾದರೆ ಮೂಲೆಯಲ್ಲಿ ನಿಮಗೆ ಉಳಿದ ಅಂತರ ಒಂದೇ ಅಳತೆ. ಕೈ ಸ್ವಲ್ಪ ವಾಲಿದರೂ ಒಂದು ಸ್ವಿಚ್ ಬಿಟ್ಟುಕೊಳ್ಳುತ್ತದೆ, ಮೂಲೆ ತಪ್ಪುತ್ತದೆ. ಚೌಕದಲ್ಲಾದರೆ ಪಕ್ಕಕ್ಕೆ 10, ಮೇಲಕ್ಕೆ 10, ಆರಾಮ. ಆದ್ದರಿಂದಲೇ ಎಂಟು ಮೂಲೆಯ ಗೇಟ್ ಹಾಕಿದ ಕೆಲವರು "ಮೂಲೆ ಸಿಗ್ತಾನೇ ಇಲ್ಲ" ಅಂತ ಬೇಸರಪಟ್ಟು ವಾಪಸ್ ಚೌಕಕ್ಕೆ ಹೋಗುತ್ತಾರೆ. ಗೇಟಿನಲ್ಲಿ ದೋಷವಿಲ್ಲ, ಎಂಗೇಜ್ ದೂರ ಅದಕ್ಕೆ ಹೊಂದಿಲ್ಲ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಒಂದೆರಡು ತಿಂಗಳು ಚೌಕದಲ್ಲೇ ಕಲಿಯಿರಿ. ಗೋಡೆಗೆ ತಾಗಿಸದೆ, ಟಕ್ ಸದ್ದು ಕೇಳಿದ ತಕ್ಷಣ ಕೈ ತಿರುಗಿಸುವ ಅಭ್ಯಾಸ ಬಂದರೆ ಗೇಟಿನ ಆಕಾರ ಅಷ್ಟೇನೂ ಮುಖ್ಯವಾಗುವುದಿಲ್ಲ.

ದುಂಡು ಗೇಟ್?

ಕುಣಿಯೇ ಬೇಡ, ಕೈ ನೀರಿನ ಹಾಗೆ ಸುತ್ತಬೇಕು ಅನ್ನುವವರಿಗೆ. ಮೂಲೆಯ ಲೆಕ್ಕ ಮೇಲೆ ಹೇಳಿದ್ದೇ ಇದಕ್ಕೂ. ದಿಕ್ಕು ಕೈಗೆ ಗೊತ್ತಿರಬೇಕು, ಗೇಟ್ ಹೇಳಿಕೊಡುವುದಿಲ್ಲ.

ಹಳೇ ಆಟಗಳಲ್ಲಿ ತಿರುವು ತಪ್ಪುತ್ತದೆ. ಇದಕ್ಕೂ ಗೇಟೇ ಕಾರಣವಾ?

ಹೌದು. 1980ರ ಪ್ಯಾಕ್-ಮ್ಯಾನ್, 1981ರ ಡಾಂಕಿ ಕಾಂಗ್ ಇವೆಲ್ಲ ನಾಲ್ಕೇ ದಿಕ್ಕಿನ ಲಿವರಿಗೆ ಮಾಡಿದ ಆಟಗಳು. ಎಂಟು ದಿಕ್ಕಿನ ಲಿವರಲ್ಲಿ ಮೇಲೆ ಮತ್ತು ಬಲ ಒಟ್ಟಿಗೆ ಒತ್ತಿದರೆ ಯಾವುದನ್ನು ಕೇಳಬೇಕು ಅಂತ ಆಟಕ್ಕೆ ತಿಳಿಯುವುದಿಲ್ಲ, ತಿರುವು ಹೋಗುತ್ತದೆ, ದೆವ್ವ ಹಿಡಿಯುತ್ತದೆ. ಜೆಎಲ್‌ಎಫ್‌ನ ಚೌಕ ಗೇಟನ್ನು 45 ಡಿಗ್ರಿ ತಿರುಗಿಸಿ ಹಾಕಬಹುದು. ಆಗ ಅದು ವಜ್ರದ ಆಕಾರವಾಗಿ, ಕುಣಿಗಳು ನಾಲ್ಕು ನೇರ ದಿಕ್ಕಿಗೆ ಬರುತ್ತವೆ, ಮೂಲೆಗಳು ಮುಚ್ಚಿಹೋಗುತ್ತವೆ. ದುಡ್ಡಿಲ್ಲದೆ ಆಗುವ ಅತ್ಯುತ್ತಮ ಮಾಡ್ ಇದು. ಇನ್ನು 1982ರ ಕ್ಯೂಬರ್ಟ್ ಆಟದ ಕಥೆಯೇ ಬೇರೆ. ಅದರಲ್ಲಿ ನಾಲ್ಕು ದಿಕ್ಕಿನ ಲಿವರನ್ನೇ ಓರೆಯಾಗಿ ಕೂರಿಸಿದ್ದರು, ಏಕೆಂದರೆ ಆ ಪಾತ್ರ ಕುಪ್ಪಳಿಸುವುದು ಓರೆಗೆ ಮಾತ್ರ. ಅದನ್ನು ಆಡುವುದಾದರೆ ಇಡೀ ಲಿವರನ್ನು ತಿರುಗಿಸಿ ಕೂರಿಸಬೇಕು.

ಸ್ಪ್ರಿಂಗ್ ಬದಲಾಯಿಸಿದರೆ ಏನಾಗುತ್ತದೆ?

ಜೆಎಲ್‌ಎಫ್ ಜೊತೆ ಬರುವ ಸ್ಪ್ರಿಂಗ್ ಮೆತ್ತನೆಯದು. ಭಾರೀ ಕೈಯವರಿಗೆ ಅದು ಇದ್ದೂ ಇಲ್ಲದ ಹಾಗೆ, ಲಿವರ್ ನಡುವಿಗೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡು ಪೌಂಡ್, ನಾಲ್ಕು ಪೌಂಡ್ ಅಂತ ಗುರುತು ಹಾಕಿದ ಬಿಗಿ ಸ್ಪ್ರಿಂಗ್‌ಗಳು ಸಿಗುತ್ತವೆ. ಸೈಮಿತ್ಸು ಎಲ್‌ಎಸ್-56 ಲಿವರಿನ ಸ್ಪ್ರಿಂಗ್ ತೆಗೆದು ಜೆಎಲ್‌ಎಫ್‌ಗೆ ಹಾಕುವುದು ಬಹಳ ಹಳೆಯ, ಚೆನ್ನಾಗಿ ಪಳಗಿದ ಉಪಾಯ.

ಬಿಗಿ ಸ್ಪ್ರಿಂಗಿನ ಲಾಭ ಎರಡು. ಲಿವರ್ ನಡುವಿಗೆ ಬೇಗ ಬರುತ್ತದೆ, ಮುಂದಕ್ಕೆ ಎರಡು ಸಲ ತಟ್ಟಿ ಓಡುವಂಥ ಚಲನೆ ಚುರುಕಾಗುತ್ತದೆ. ಜೊತೆಗೆ ಕೈಗೆ ನಡು ಎಲ್ಲಿದೆ ಅನ್ನುವ ಸ್ಪಷ್ಟ ಅರಿವು ಸಿಗುತ್ತದೆ. ನಷ್ಟ ಅಂದರೆ ದಣಿವು. ನಾಲ್ಕು ಪೌಂಡ್ ಹಾಕಿಕೊಂಡು ಎರಡು ಗಂಟೆ ಆಡಿ ನೋಡಿ, ಹೆಬ್ಬೆರಳಿನ ಬುಡ ಮಾತಾಡುತ್ತದೆ. ಮಣಿಕಟ್ಟಿನ ನೋವು ಈಗಾಗಲೇ ಇದ್ದವರು ದಯವಿಟ್ಟು ಈ ಕಡೆ ಹೋಗಬೇಡಿ. ಮೆತ್ತನೆ ಸ್ಪ್ರಿಂಗಿನಲ್ಲಿ ಬಲ ಕಡಿಮೆ ಹಾಕಿ ಆಡುವುದೇ ನಿಮಗೆ ಒಳ್ಳೆಯದು.

ಬಿಗಿ ಸ್ಪ್ರಿಂಗ್ ಹಾಕಿದರೆ ಎಂಗೇಜ್ ದೂರ ಬದಲಾಗುವುದಿಲ್ಲ, ಇದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅದಕ್ಕೆ ಆಕ್ಚುಯೇಟರ್ ಬೇಕು.

ದಪ್ಪ ಆಕ್ಚುಯೇಟರ್ ಹಾಕಿದರೆ ಸ್ಟಿಕ್ ವೇಗ ಆಗುತ್ತದಾ?

ಸ್ವಿಚ್ ಬೇಗ ಟಕ್ ಅನ್ನುತ್ತದೆ, ಅದು ನಿಜ. ವ್ಯಾಸದಲ್ಲಿ 1 ಮಿಲಿಮೀಟರ್ ದಪ್ಪ ಇರುವ ಆಕ್ಚುಯೇಟರ್ ಹಾಕಿದರೆ ಪ್ರತಿ ಬದಿಗೂ ಅರ್ಧ ಮಿಲಿಮೀಟರ್ ಮುಂಚೆ ಸ್ವಿಚ್ ಸಿಗುತ್ತದೆ. ಕೇಳಲು ಸಣ್ಣದು. ಆದರೆ ಆ ಅರ್ಧ ಮಿಲಿಮೀಟರ್ ಇರುವುದು ಆಕ್ಚುಯೇಟರ್ ಹತ್ತಿರ. ನಿಮ್ಮ ಕೈ ಪಿವೋಟಿನಿಂದ ಅದಕ್ಕಿಂತ ದೂರ ಇರುವುದರಿಂದ ಉಂಡೆಯ ಮೇಲೆ ಅದು ಇನ್ನೂ ಜಾಸ್ತಿಯಾಗಿ ತಿಳಿಯುತ್ತದೆ.

ಆದರೆ ವೇಗಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಮೇಲಿನ ಅದೇ ಲಿವರ್, ಎಲ್ಲ ದಿಕ್ಕಿಗೂ 10 ಅಳತೆ ಹೋಗುವಂಥದ್ದು. ಸ್ವಿಚ್ 6ಕ್ಕೆ ಒತ್ತುವುದಾದರೆ, ಅಂಚಿನಗುಂಟ ಲಿವರ್ ತಿರುಗಿಸಿದಾಗ ಒಂದೊಂದು ಮೂಲೆಗೆ ಸಿಗುವ ಜಾಗ 16 ಡಿಗ್ರಿ ಮಾತ್ರ, ಒಂದೊಂದು ನೇರ ದಿಕ್ಕಿಗೆ 74 ಡಿಗ್ರಿ. ಸ್ವಿಚ್ 5ಕ್ಕೆ ಒತ್ತುವಂತೆ ಮಾಡಿ, ಮೂಲೆಗೆ 30, ನೇರಕ್ಕೆ 60. ಇನ್ನೂ ಇಳಿಸಿ 4ಕ್ಕೆ ತಂದರೆ ಮೂಲೆಗೆ 43, ನೇರಕ್ಕೆ 47, ಹೆಚ್ಚುಕಡಿಮೆ ಸಮ ಪಾಲು. ಅಂದರೆ ಆಕ್ಚುಯೇಟರ್ ದಪ್ಪ ಆದಷ್ಟೂ ಮೂಲೆಗಳು ಅಗಲವಾಗುತ್ತವೆ, ನೇರ ದಿಕ್ಕು ಕಿರಿದಾಗುತ್ತದೆ. ನಿಮ್ಮ ಚೀಟಿಯಲ್ಲಿ "ಮೂಲೆ ಸಿಗುತ್ತಿಲ್ಲ" ಅಂತಿದ್ದರೆ ದಪ್ಪ ಆಕ್ಚುಯೇಟರ್ ಮದ್ದು. "ನಡೆಯಲು ಹೋದರೆ ಹಾರುತ್ತದೆ" ಅಂತಿದ್ದರೆ ಅದೇ ಭಾಗ ರೋಗವನ್ನು ಹೆಚ್ಚಿಸುತ್ತದೆ.

ನಾನು ಎಂಟು ಮೂಲೆಯ ಗೇಟಿಗೆ ಅರ್ಧ ಮಿಲಿಮೀಟರ್ ದಪ್ಪದ ಆಕ್ಚುಯೇಟರ್ ಹಾಕಿಕೊಂಡಿದ್ದೇನೆ. 1 ಮಿಲಿಮೀಟರಿನದು ನನಗೆ ಜಾಸ್ತಿಯಾಯಿತು, ಬೆರಳು ತಾಗಿದರೂ ಪಾತ್ರ ಮಿಸುಕುತ್ತಿತ್ತು.

ಮೂಲ ಆಕ್ಚುಯೇಟರಿಗೆ ಟೇಪ್ ಸುತ್ತಿ ದಪ್ಪ ಮಾಡಬಹುದಾ?

ಪರೀಕ್ಷೆಗೆ ಮಾಡಬಹುದು, ಭಾಗ ಕೊಳ್ಳುವ ಮುಂಚೆ ದಿಕ್ಕು ಗೊತ್ತಾಗುತ್ತದೆ. ತೆಳ್ಳನೆಯ ಟೇಪ್ ಸಮವಾಗಿ ಸುತ್ತಿ, ಅಂಚು ಮಡಚಿರಬಾರದು. ಒಂದು ಸಂಜೆ ಆಡಿ ತೆಗೆದುಬಿಡಿ. ಬಿಟ್ಟರೆ ಅಂಟು ಇಳಿದು ಸ್ವಿಚ್‌ಗಳಿಗೆ ಹತ್ತಿಕೊಳ್ಳುತ್ತದೆ.

ಲಿವರ್ ಬಿಟ್ಟಾಗ ಪಾತ್ರ ಎದುರು ದಿಕ್ಕಿಗೆ ಚಲಿಸುತ್ತದೆ. ಏಕೆ?

ಲಿವರ್ ನಡುವಿನಲ್ಲಿ ನಿಲ್ಲದೆ ದಾಟಿ ಹೋಗಿ ಎದುರಿನ ಸ್ವಿಚ್ ಮುಟ್ಟುತ್ತಿದೆ. ಸ್ಪ್ರಿಂಗ್ ಬಿಗಿಯಾದಷ್ಟೂ, ಡೆಡ್ ಝೋನ್ ಕಿರಿದಾದಷ್ಟೂ, ಉಂಡೆ ಭಾರವಾದಷ್ಟೂ ಇದು ಜಾಸ್ತಿ. ನಾಲ್ಕು ಪೌಂಡ್ ಸ್ಪ್ರಿಂಗ್ ಮತ್ತು 1 ಮಿಲಿಮೀಟರ್ ದಪ್ಪದ ಆಕ್ಚುಯೇಟರ್ ಎರಡೂ ಒಟ್ಟಿಗೆ ಹಾಕಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಎರಡರಲ್ಲಿ ಒಂದನ್ನು ವಾಪಸ್ ಮಾಡಿ. ಅದಾಗದಿದ್ದರೆ ಪಿವೋಟಿಗೆ ಸ್ವಲ್ಪ ಗಟ್ಟಿ ಗ್ರೀಸ್ ಹಾಕಿ, ಲಿವರ್ ತುಯ್ಯುವುದು ತಗ್ಗುತ್ತದೆ. ಲಿವರನ್ನು ಫಟ್ ಅಂತ ಬಿಡದೆ ಕೈಯಲ್ಲೇ ನಡುವಿಗೆ ತರುವುದು ರೂಢಿಯಾದರೆ ಭಾಗಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಗ್ರೀಸ್ ಯಾವುದು? ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದಾ?

ನಡೆಯುವುದಿಲ್ಲ. ಪಿವೋಟ್ ಮತ್ತು ಅದು ಕೂರುವ ಬಟ್ಟಲು ಎರಡೂ ಪ್ಲಾಸ್ಟಿಕ್. ಪೆಟ್ರೋಲಿಯಂ ಎಣ್ಣೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಬಿರುಕು ಬಿಡಿಸುತ್ತದೆ, ಅಡುಗೆ ಎಣ್ಣೆ ದಿನ ಕಳೆದಂತೆ ಅಂಟು ಜಿಡ್ಡಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇದ್ದ ಗ್ರೀಸೂ ತೊಳೆದು ಹೋಗುತ್ತದೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸ್ ಬೇಕು. ಈ ಕೆಲಸಕ್ಕೆ ಜನ ನೆಚ್ಚಿಕೊಂಡಿರುವುದು ಶಿನ್-ಎತ್ಸು ಜಿ-501. ಅದು ಸಿಗದಿದ್ದರೆ ಸಿಲಿಕೋನ್ ಗ್ರೀಸ್ ಹಾಕಿ.

ಹಳೇ ಗ್ರೀಸನ್ನು ಪೂರ್ತಿ ಒರೆಸಿ ತೆಗೆದು, ಅಕ್ಕಿ ಕಾಳಿನಷ್ಟು ತೆಗೆದುಕೊಂಡು ಪಿವೋಟಿನ ದುಂಡು ಮೈಗೆ ತೆಳ್ಳಗೆ ಸವರಿ. ಸ್ವಿಚ್‌ಗೆ, ಬೋರ್ಡಿಗೆ ಸೋಕಿಸಬೇಡಿ. ಕಿರ್ ಕಿರ್ ಸದ್ದು, ಲಿವರ್ ಒರಟಾಗಿ ಕೆರೆದ ಹಾಗೆ ಆಗುವುದು, ಇವು ಹೆಚ್ಚಾಗಿ ಇಷ್ಟಕ್ಕೇ ಹೋಗುತ್ತವೆ. ಎಷ್ಟೋ ಜನ "ಲಿವರ್ ಸತ್ತಿದೆ" ಅಂತ ಎಸೆಯಲು ಹೊರಟವರು ಇದೊಂದನ್ನು ಮಾಡಿ ಮತ್ತೆ ಆಡುತ್ತಿದ್ದಾರೆ.

ಕೊರಿಯನ್ ಲಿವರ್ ಬಿಗಿ ಬದಲಾಯಿಸಲು ಏನು ಮಾಡಬೇಕು?

ರಬ್ಬರ್ ಬಳೆ ಬದಲಿಸಬೇಕು. ಬೇರೆ ಬೇರೆ ಗಡಸಿನ ಬಳೆಗಳು ಸಿಗುತ್ತವೆ, ಅಂಕಿ ಹೆಚ್ಚಾದಷ್ಟೂ ಗಡಸು. ಸ್ಪ್ರಿಂಗಿಗೂ ರಬ್ಬರಿಗೂ ಇರುವ ವ್ಯತ್ಯಾಸ ಕೈಗೆ ತಕ್ಷಣ ತಿಳಿಯುತ್ತದೆ. ರಬ್ಬರ್ ಎಲ್ಲ ಕಡೆಯಿಂದ ಸಮವಾಗಿ ಎಳೆಯುತ್ತದೆ, ನಡುವಿಗೆ ಬಂದು ಗಕ್ಕನೆ ನಿಲ್ಲುತ್ತದೆ. ಹಿಂದೆ, ನಡು, ಹಿಂದೆ, ನಡು ಅಂತ ಪದೇ ಪದೇ ಮಾಡಬೇಕಾದ ಟೆಕೆನ್ ಚಲನೆಗಳಿಗೆ ಇದು ಬಹಳ ಹೊಂದುತ್ತದೆ. ಹೊಸ ಬಳೆ ಮೊದಲ ಕೆಲವು ದಿನ ಜಾಸ್ತಿ ಬಿಗಿ ಇರುತ್ತದೆ, ಆಮೇಲೆ ಪಳಗುತ್ತದೆ, ಅವಸರಪಟ್ಟು ಬದಲಿಸಬೇಡಿ. ವರ್ಷಗಳಾದ ಮೇಲೆ ರಬ್ಬರ್ ಸೋಲುವುದು ಸಹಜ.

ಜಪಾನಿ ಲಿವರ್ ಇದ್ದ ಜಾಗಕ್ಕೆ ಕೊರಿಯನ್ ಕೂರಿಸುವ ಮುನ್ನ ಎರಡು ವಿಷಯ ಅಳೆಯಿರಿ. ಡಬ್ಬಿಯ ಆಳ ಸಾಕೇ, ಸ್ಕ್ರೂ ತೂತುಗಳು ಕೂಡುತ್ತವೆಯೇ. ಹಲವು ಕೊರಿಯನ್ ಲಿವರ್‌ಗಳಲ್ಲಿ ಐದು ಪಿನ್ ಕನೆಕ್ಟರ್ ಇರುವುದಿಲ್ಲ, ಸ್ವಿಚ್‌ಗಳಿಗೆ ಬಿಡಿಬಿಡಿ ವೈರ್ ಹಾಕಬೇಕು.

ಮೈಕ್ರೋಸ್ವಿಚ್ ಬದಲಿಸಿದರೆ ಲಾಭವಿದೆಯಾ?

ಕೆಟ್ಟಿದ್ದರೆ ಖಂಡಿತ ಇದೆ. ಒಂದೇ ದಿಕ್ಕು ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದ್ದರೆ ಆ ಸ್ವಿಚ್ ಮೇಲೆ ಅನುಮಾನಪಡಿ. ಜೆಎಲ್‌ಎಫ್‌ನಲ್ಲಿ ನಾಲ್ಕೂ ಸ್ವಿಚ್ ಒಂದೇ ಬೋರ್ಡಿಗೆ ಬೆಸೆದಿರುತ್ತವೆ, ಹಾಗಾಗಿ ಇಡೀ ಬೋರ್ಡ್ ಬದಲಿಸುವುದು ಸುಲಭ. ಅಮೆರಿಕನ್ ಬಗೆಯಲ್ಲಿ ಒಂದೊಂದೇ ತೆಗೆಯಬಹುದು. ಚೆನ್ನಾಗಿರುವ ಸ್ವಿಚ್ ತೆಗೆದು ಬೇರೆ ಹಾಕಿದರೆ ಬದಲಾಗುವುದು ಒತ್ತಲು ಬೇಕಾದ ಬಲ ಮತ್ತು ಟಕ್ ಸದ್ದು. ಆ ಸದ್ದು ನಿಮ್ಮ ಕೈಗೆ ಸಿಗುವ ಸುಳಿವು, ಅದನ್ನು ಕಳೆದುಕೊಳ್ಳುವ ಮುನ್ನ ಯೋಚಿಸಿ.

ಮನೆಯವರ ನಿದ್ದೆ ಕೆಡುತ್ತದೆ ಅನ್ನುವುದಾದರೆ ಬೆಳಕಿನಿಂದ ಅಥವಾ ಅಯಸ್ಕಾಂತದಿಂದ ದಿಕ್ಕು ಗುರುತಿಸುವ ಲಿವರ್‌ಗಳಿವೆ. ಒಂದಕ್ಕೊಂದು ತಾಗುವ ಲೋಹವಿಲ್ಲ, ಟಕ್ ಸದ್ದಿಲ್ಲ, ಸ್ವಿಚ್ ಸವೆಯುವುದೂ ಇಲ್ಲ. ಅವುಗಳಿಗೆ ಐದು ವೈರಿನ ಜೊತೆ 5 ವೋಲ್ಟ್ ವಿದ್ಯುತ್ತೂ ಕೊಡಬೇಕು, ಸ್ಟಿಕ್ ಒಳಗಿನ ಮುಖ್ಯ ಬೋರ್ಡಿನಿಂದ ಅದು ಸಿಗುತ್ತದಾ ಅಂತ ನೋಡಿಕೊಂಡು ಕೊಳ್ಳಿ.

ಉಂಡೆ ತೆಗೆದು ಬ್ಯಾಟ್ ತಲೆ ಹಾಕಿದರೆ?

ಹಿಡಿತ ಬದಲಾಗುತ್ತದೆ. ಉಂಡೆಯನ್ನು ಎರಡು ಬೆರಳ ನಡುವೆ ಶಾಫ್ಟ್ ಬರುವಂತೆ ಕೆಳಗಿನಿಂದ ಹಿಡಿಯುವವರಿಗೆ ಬ್ಯಾಟ್ ಅಡ್ಡಿ, ಮೇಲಿನಿಂದ ಮುಷ್ಟಿಯಲ್ಲಿ ಹಿಡಿಯುವವರಿಗೆ ಹಿತ. ಸಾನ್ವಾದ ಉಂಡೆ 35 ಮಿಲಿಮೀಟರ್, ತಿರುಪಿನ ಅಳತೆ ಎಂ6. ಸೈಮಿತ್ಸುವಿನದೂ ಎಂ6, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಕೆಲವು ಬ್ಯಾಟ್ ತಲೆಗಳಿಗೆ ನಡುವೆ ಒಂದು ಸಣ್ಣ ಅಡಾಪ್ಟರ್ ಬೇಕಾಗುತ್ತದೆ. ಲೋಹದ ಉಂಡೆ ನೋಡಲು ಚೆಂದ, ಆದರೆ ಭಾರ, ಮೇಲೆ ಹೇಳಿದ ತುಯ್ಯುವ ತೊಂದರೆ ಬರಬಹುದು.

ಎಲ್ಲ ವಾಪಸ್ ಜೋಡಿಸಿದೆ. ಈಗ ಮೇಲೆ ಒತ್ತಿದರೆ ಕೆಳಗೆ ಹೋಗುತ್ತಿದೆ!

ಲಿವರ್ ತಿರುಗಿ ಕೂತಿದೆ. 180 ಡಿಗ್ರಿ ತಿರುಗಿದ್ದರೆ ಮೇಲೆ ಕೆಳಗೆ, ಎಡ ಬಲ ಎರಡೂ ಅದಲುಬದಲು. 90 ಡಿಗ್ರಿ ತಿರುಗಿದ್ದರೆ ಮೇಲೆ ಒತ್ತಿದಾಗ ಪಕ್ಕಕ್ಕೆ ಹೋಗುತ್ತದೆ. ಬಿಚ್ಚಿ ಸರಿಯಾಗಿ ಕೂರಿಸಿ. ಜಾಗದ ಕಾರಣಕ್ಕೆ ಹಾಗೇ ಕೂರಿಸಬೇಕಾಗಿದ್ದರೆ ವೈರ್‌ಗಳನ್ನು ಅದಲುಬದಲು ಮಾಡಿ. ಐದರಲ್ಲಿ ಒಂದು ಗ್ರೌಂಡ್, ಅದನ್ನು ಮುಟ್ಟಬೇಡಿ. ಫೋಟೋ ತೆಗೆಯಿರಿ ಅಂದಿದ್ದು ಇದಕ್ಕೇ.

ಅಗ್ಗದ ಸ್ಟಿಕ್ ಇದೆ. ಅದನ್ನು ಸರಿ ಮಾಡಬಹುದಾ?

ಒಳಗೆ ಜಾಗವಿದ್ದರೆ ಮಾಡಬಹುದು. ಅಗ್ಗದ ಲಿವರಿಗೆ ಗೇಟ್, ಸ್ಪ್ರಿಂಗ್ ಹುಡುಕುತ್ತಾ ಹೋಗುವುದು ವ್ಯರ್ಥ, ಇಡೀ ಲಿವರ್ ಬದಲಿಸಿ. ಕೊಳ್ಳುವ ಮುಂಚೆ ಡಬ್ಬಿ ಬಿಚ್ಚಿ ಸ್ಕೇಲ್ ಇಟ್ಟು ಆಳ, ತೂತುಗಳ ನಡುವಿನ ಅಂತರ ಅಳೆಯಿರಿ. ಬಟನ್‌ಗಳೂ ಅಷ್ಟೇ. 30 ಮಿಲಿಮೀಟರ್ ತೂತಿದ್ದರೆ ಸಾನ್ವಾ ಒಬಿಎಸ್‌ಎಫ್-30 ಸುಮ್ನೆ ಒತ್ತಿದರೆ ಕೂರುತ್ತದೆ. ಅದರ ವೈರ್ ತುದಿ 2.8 ಮಿಲಿಮೀಟರಿನದು, ಅಮೆರಿಕನ್ ಸ್ವಿಚ್‌ಗಳದು 4.8, ಎರಡನ್ನು ಬೆರೆಸಿ ಕೊಳ್ಳಬೇಡಿ.

ಇಂಥ ಸ್ಟಿಕ್‌ಗಳಲ್ಲಿ ಇನ್ನೊಂದು ತೊಂದರೆ, ತೂಕವೇ ಇರುವುದಿಲ್ಲ. ಲಿವರ್ ಎಳೆದರೆ ಡಬ್ಬಿಯೇ ಬರುತ್ತದೆ. ಅಡಿಗೆ ರಬ್ಬರ್ ಹಾಳೆ ಅಂಟಿಸಿ, ಒಳಗೆ ಬೋರ್ಡಿಗೆ ತಾಗದ ಹಾಗೆ ಒಂದು ಕಬ್ಬಿಣದ ಪಟ್ಟಿ ಬಿಗಿಯಾಗಿ ಕೂರಿಸಿ. ಲಿವರ್ ಮುಟ್ಟದೆಯೇ ಹಿಡಿತ ಎಷ್ಟು ಸುಧಾರಿಸುತ್ತದೆ ಅಂತ ನೋಡಿ ಆಶ್ಚರ್ಯಪಡುತ್ತೀರಿ.

ಆಟ ತಡವಾಗಿ ಸ್ಪಂದಿಸುತ್ತದೆ. ಲಿವರ್ ಬದಲಿಸಲಾ?

ಬೇಡ. ಬಹುತೇಕ ಹೊಡೆದಾಟದ ಆಟಗಳು ಸೆಕೆಂಡಿಗೆ 60 ಚಿತ್ರ ತೋರಿಸುತ್ತವೆ, ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ನಿಮಗೆ ಎದ್ದು ಕಾಣುವಷ್ಟು ತಡ ಆಗುತ್ತಿದ್ದರೆ ಅದು ಟಿವಿ, ಸ್ಟಿಕ್ ಒಳಗಿನ ಬೋರ್ಡ್ ಅಥವಾ ವೈರ್‌ಲೆಸ್ ಸಂಪರ್ಕದಿಂದ ಬಂದಿರುವ ಸಾಧ್ಯತೆ ಹೆಚ್ಚು. ಮೊದಲು ಟಿವಿಯ ಗೇಮ್ ಮೋಡ್ ಹಾಕಿ ನೋಡಿ.

ಮಾಡ್ ಆದ ಮೇಲೆ ಸರಿಯಾಯಿತೋ ಇಲ್ಲವೋ ಅಂತ ಹೇಗೆ ಪರೀಕ್ಷಿಸಲಿ?

ಆಟದ ಅಭ್ಯಾಸದ ಮೋಡ್‌ಗೆ ಹೋಗಿ, ಒತ್ತಿದ ದಿಕ್ಕುಗಳನ್ನು ತೆರೆಯ ಮೇಲೆ ತೋರಿಸುವ ಆಯ್ಕೆ ಹಾಕಿ. ಕೆಳಗಿನಿಂದ ಮುಂದಕ್ಕೆ ಕಾಲು ಸುತ್ತು, ಎಡಕ್ಕೆ 20, ಬಲಕ್ಕೆ 20. ಎಷ್ಟು ಸಲ ಮೂಲೆ ಬಂತು ಅಂತ ಎಣಿಸಿ ಬರೆದುಕೊಳ್ಳಿ. ಆಮೇಲೆ ಲಿವರನ್ನು ಬಲಕ್ಕೆ ಒತ್ತಿ ಹತ್ತು ಸೆಕೆಂಡ್ ಹಿಡಿದು, ಮಧ್ಯೆ ಬೇರೆ ದಿಕ್ಕು ನುಸುಳಿತಾ ನೋಡಿ. ಕೊನೆಗೆ ಲಿವರ್ ಎಳೆದು ಫಟ್ ಅಂತ ಬಿಟ್ಟು, ಎದುರಿನ ದಿಕ್ಕು ಕಾಣಿಸಿತಾ ನೋಡಿ. ಇದೇ ಪರೀಕ್ಷೆಯನ್ನು ಮಾಡ್ ಮಾಡುವ ಮುಂಚೆಯೂ ಮಾಡಿರಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ ಅಲ್ವಾ.

ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಒಂದು ವಾರವಾದರೂ ಅದರಲ್ಲೇ ಆಡಿ. ಮೊದಲ ದಿನ ಹೊಸದೆಲ್ಲ ತಪ್ಪು ಅನ್ನಿಸುತ್ತದೆ, ಕೈ ಹಳೆಯದನ್ನೇ ಹುಡುಕುತ್ತಿರುತ್ತದೆ.

ತೆಗೆದ ಹಳೇ ಭಾಗಗಳನ್ನು ಏನು ಮಾಡಲಿ?

ಬಿಸಾಡಬೇಡಿ. ಒಂದು ಸಣ್ಣ ಚೀಲದಲ್ಲಿ ಹಾಕಿ, ಯಾವ ಲಿವರಿನದು, ಯಾವ ದಿನ ತೆಗೆದಿರಿ ಅಂತ ಬರೆದಿಡಿ, ಜೊತೆಗೆ ಒಂದೆರಡು ಹೆಚ್ಚುವರಿ ಇ-ರಿಂಗ್ ಕೂಡ ಇರಲಿ. ಸ್ಟಿಕ್ ಮಾರುವಾಗ ಕೊಳ್ಳುವವರು ಮೂಲ ಸ್ಪ್ರಿಂಗ್, ಮೂಲ ಗೇಟ್ ಇದೆಯಾ ಅಂತ ಕೇಳುತ್ತಾರೆ. ಆರು ತಿಂಗಳ ಮೇಲೆ ನೀವೇ ಕೇಳಿಕೊಳ್ಳುವ ಸಾಧ್ಯತೆಯೂ ಇದೆ.